ಪುಟ್ಟನ ಮೀನಿನ ಪ್ರಶ್ನೆಗೆ ದೊಡ್ಡಮ್ಮನ ಉತ್ತರ

ಪುಟ್ಟಾ, ನಮ್ಮ ಮನೆಯವರ ಗುಂಪಿನಲ್ಲಿ ನೀನು ಹಾಕಿದ ಮೆಸೇಜು ಬೆಳಿಗ್ಗೆಯೇ ನೋಡಿದೆ. ಆಗ ದೋಸೆ ಕಾವಲಿ ಮುಂದೆ ನಿಂತಿದ್ದೆ. ಈಗ ನಾನು ಮಾತಾಡುತ್ತಿದ್ದೇನೆ, ಮೊಬೈಲೇ ಬರೆದುಕೊಳ್ಳುತ್ತಿದೆ. ಉದ್ದವಾದರೆ ಯಾರೂ ಬೈದುಕೊಳ್ಳಬೇಡಿ.

ಎರಡಡಿ ಟ್ಯಾಂಕಿನಲ್ಲಿ ಗಿಡ ನೆಟ್ಟಿದ್ದೀಯ, ನಿಯಾನ್ ಟೆಟ್ರಾ ಅನ್ನುವ ಸಣ್ಣ ಮೀನು ಬಿಟ್ಟಿದ್ದೀಯ, ತಳ ಖಾಲಿ ಕಾಣುತ್ತಿದೆ. ಅಂಗಡಿಯವರು ಪಾಚಿ ಕೆರೆದು ತಿನ್ನುವ ಸಕ್ಕರ್ ಮೀನು, ಇಲ್ಲವೇ ತಳದಲ್ಲೇ ಓಡಾಡುವ ಬೋಟಿಯಾ ಮೀನು ಹಾಕಿ ಅನ್ನುತ್ತಿದ್ದಾರೆ. ಒಂದನ್ನೊಂದು ತಿಂದುಬಿಟ್ಟರೆ ಅಂತ ನಿನಗೆ ಭಯ. ಇಷ್ಟೇ ತಾನೇ? ಭಯಪಟ್ಟಿದ್ದು ಒಳ್ಳೆಯದೇ ಆಯಿತು. ಸಕ್ಕರ್ ತರಬೇಡ. ಯಾಕೆ ಅಂತ ಹೇಳದಿದ್ದರೆ ನೀನು ಕೇಳುವವನಲ್ಲ, ನಿಮ್ಮಪ್ಪನ ಹಾಗೇ. ಅದಕ್ಕೇ ಹೇಳುತ್ತೇನೆ.

ನಮ್ಮ ಜಗುಲಿಯ ಟ್ಯಾಂಕು ಎಲ್ಲರಿಗೂ ನೆನಪಿದೆಯಲ್ಲ. ನಮ್ಮ ದೊಡ್ಡವನು ಮಗಳ ಹುಟ್ಟುಹಬ್ಬಕ್ಕೆ ಅಂತ ತಂದಿದ್ದು. ತಂದ, ಗಿಡ ನೆಟ್ಟ, ಚಪ್ಪಟೆ ಮೈಯ ಏಂಜಲ್ ಮೀನು ಬಿಟ್ಟ, ಫೋಟೊ ತೆಗೆದ, ಬೆಂಗಳೂರಿನ ಬಸ್ಸು ಹತ್ತಿದ. ಗಾಜಿಗೆ ಪಾಚಿ ಹಿಡಿಯಿತು. ದೊಡ್ಡಪ್ಪ ಅಂಗಡಿಗೆ ಹೋಗಿ ಕೇಳಿದರೆ, "ಒಂದು ಸಕ್ಕರ್ ಹಾಕಿಬಿಡಿ ಸಾರ್, ಊಟಾನೂ ಹಾಕೋದು ಬೇಡ, ಕಸ ತಿಂದ್ಕೊಂಡು ಬಿದ್ದಿರುತ್ತೆ" ಅಂದರಂತೆ. ಇವರಿಗೂ ಅದೇ ಬೇಕಿತ್ತು. ಬೆರಳುದ್ದದ್ದು ಒಂದು ತಂದು ಬಿಟ್ಟರು.

ಮೊದಮೊದಲು ಚೆನ್ನಾಗಿಯೇ ಇತ್ತು. ಗಾಜಿಗೆ ಬಾಯಿ ಅಂಟಿಸಿಕೊಂಡು ಪಾಚಿ ಕೆರೆಯುವುದನ್ನು ನೋಡಲು ಅಕ್ಕಪಕ್ಕದ ಮನೆಯವರೆಲ್ಲ ಬಂದರು. ಮುಂದಿನ ಮಳೆಗಾಲದ ಹೊತ್ತಿಗೆ ಅದು ಅಂಗೈಗಿಂತ ಉದ್ದ ಬೆಳೆದಿತ್ತು. ಬೆಳಿಗ್ಗೆ ಎದ್ದರೆ ಒಂದೊಂದು ಗಿಡ ಬೇರು ಸಮೇತ ಮೇಲೆ ತೇಲುತ್ತಿತ್ತು. ಅಗಲ ಎಲೆಯ ಗಿಡಗಳನ್ನು ಕೆರೆದು ಕೆರೆದು ಜರಡಿ ಮಾಡಿತ್ತು. ಅದು ಕಸ ತಿನ್ನುತ್ತದೆ ಅಂತ ತಂದಿದ್ದು. ಅದು ಹಾಕುವ ಕಸ ತೆಗೆಯುವುದೇ ನನಗೆ ಇನ್ನೊಂದು ಕೆಲಸವಾಯಿತು. ಮರಳಿನ ತುಂಬ ದಾರ ಬಿಚ್ಚಿ ಚೆಲ್ಲಿದ ಹಾಗೆ ಹಿಕ್ಕೆ.

ಆಮೇಲೆ ಒಂದು ಏಂಜಲ್ ಮೀನಿನ ಪಕ್ಕೆಯಲ್ಲಿ ಬಿಳಿ ಮಚ್ಚೆ ಕಾಣಿಸಿತು. ಹುರುಪೆ ಉದುರಿ ಉಜ್ಜಿದ ಹಾಗಿತ್ತು. ರೋಗ ಅಂತ ದೊಡ್ಡಪ್ಪ ನೀಲಿ ಔಷಧಿ ಹಾಕಿದರು. ಕಡಿಮೆಯಾಗಲಿಲ್ಲ. ಆಷಾಢದ ಒಂದು ರಾತ್ರಿ ಜೋರು ಮಳೆ, ಕರೆಂಟು ಹೋಯಿತು. ಗಾಳಿ ಪಂಪು ನಿಂತಿರುತ್ತದೆ, ಮೀನು ಏನಾದವೋ ಅಂತ ಟಾರ್ಚ್ ಹಿಡಿದು ಎದ್ದು ಬಂದೆ. ನೋಡುತ್ತೇನೆ, ಆ ಸಕ್ಕರ್ ಏಂಜಲಿನ ಪಕ್ಕೆಗೆ ಬಾಯಿ ಹಾಕಿ ಅಂಟಿಕೊಂಡಿದೆ! ಪಾಪ, ಅದು ಕೊಡವಿಕೊಳ್ಳಲೂ ಆಗದೆ ಓರೆಯಾಗಿ ಈಜುತ್ತಿತ್ತು. ಬಲೆಯ ಹಿಡಿಯಿಂದ ತಟ್ಟಿದ ಮೇಲೇ ಬಿಟ್ಟಿದ್ದು. ಎರಡು ದಿನಕ್ಕೆ ಏಂಜಲ್ ಸತ್ತಿತು.

ಸಕ್ಕರ್ ಮರಿಗೆ ಗಾಜಿನ ಪಾಚಿ ಸಾಕು. ಬೆಳೆದ ಮೇಲೆ ಸಾಲುವುದಿಲ್ಲ. ಯಾರೂ ಊಟ ಹಾಕದಿದ್ದರೆ ರಾತ್ರಿ ಹೊತ್ತು ಸುಮ್ನೆ ನಿಂತಿರುವ ಚಪ್ಪಟೆ ಮೀನಿನ ಮೈಮೇಲಿನ ಲೋಳೆ ನೆಕ್ಕಲು ಹೋಗುತ್ತದೆ. ಅದು ದಕ್ಷಿಣ ಅಮೆರಿಕದ ದೊಡ್ಡ ನದಿಗಳ ಮೀನು, ಒಂದಡಿ ದಾಟಿ ಬೆಳೆಯುತ್ತದೆ. ನಿನ್ನ ಟ್ಯಾಂಕಿನ ಅಗಲವೇ ಒಂದಡಿ ಅಲ್ವಾ? ಅದು ತಿರುಗುವುದೆಲ್ಲಿ? ಗೋಲ್ಡನ್ ಸಕ್ಕರ್ ಅಂತ ಹಳದಿಯದು ತೋರಿಸುತ್ತಾರೆ, ಅದೂ ಬೇಡ. ಅದರ ಜಾತಿಯೇ ಬೇರೆ, ಆದರೆ ಬೆಳೆದ ಮೇಲೆ ಜಗಳಗಂಟಿ. ಮತ್ತೆ ಹೇಳುತ್ತಿದ್ದೇನೆ ಪುಟ್ಟಾ, ಯಾರು ಎಷ್ಟೇ ಹೇಳಲಿ, ಪುಕ್ಕಟೆ ಕೊಟ್ಟರೂ ಸರಿ, ಸಕ್ಕರ್ ಮನೆಗೆ ತರಬೇಡ.

ನಮ್ಮ ಮನೆಯ ಆ ಸಕ್ಕರನ್ನು ಏನು ಮಾಡುವುದು ಅಂತ ಇದೇ ಗುಂಪಿನಲ್ಲಿ ಕೇಳಿದ್ದೆ. ಸಾಗರದ ಚಿಕ್ಕಪ್ಪ ಏನು ಬರೆದರು ಅಂತ ಎಲ್ಲರಿಗೂ ಗೊತ್ತು. "ತುಂಗೆಗೆ ಬಿಟ್ಟುಬಿಡಿ ಅತ್ತಿಗೆ, ಪುಣ್ಯ ಬರುತ್ತೆ." ಅದಕ್ಕೆ ಎಲ್ಲರೂ ನಗುವ ಮುಖ ಕಳಿಸಿದಿರಿ. ನಾನು ಮರೆತಿಲ್ಲ. ತುಂಗೆ ದಡದ ಚಿಬ್ಬಲಗುದ್ದೆಗೆ ಹೋದಾಗ ದೇವರ ಮೀನು ಅಂತ ಅಕ್ಕಿ, ಮಂಡಕ್ಕಿ ಹಾಕಿ ಕೈ ಮುಗಿಯುವವರು ಇವರೇ. ಅದೇ ಹೊಳೆಗೆ ಇದನ್ನು ಬಿಡಬೇಕಂತೆ. ಕೇರಳ, ಆಂಧ್ರದ ಕಡೆ ಹೀಗೆ ಬಿಟ್ಟ ಸಕ್ಕರ್ ಕೆರೆ ಹೊಳೆಗಳಲ್ಲಿ ಸಂತಾನ ಬೆಳೆಸಿಕೊಂಡಿದೆ. ಅದರ ಮೈಯ ಮುಳ್ಳಿಗೆ ಬಲೆ ಹರಿಯುತ್ತದೆ ಅಂತ ಮೀನುಗಾರರು ಗೋಳಾಡುತ್ತಾರೆ.

ತುಂಗೆಯ ತಳದಲ್ಲಿ ಏನಿದೆ ಅಂತಾದರೂ ಇವರಿಗೆ ಗೊತ್ತಾ? ಅಂಗಡಿಯವರು ನಿನಗೆ ಹೇಳಿದ ಬೋಟಿಯಾ ಇದೆಯಲ್ಲ, ಅದರಲ್ಲಿ ಜೀಬ್ರಾ ಬೋಟಿಯಾ ಅಂತ ಮೈತುಂಬ ಪಟ್ಟೆ ಇರುವುದು, ಅದು ನಮ್ಮ ಹೊಳೆಯದ್ದೇ. 1920ರಲ್ಲಿ ನಾರಾಯಣ ರಾವ್ ಅನ್ನುವ ಪ್ರಾಣಿಶಾಸ್ತ್ರದ ಮೇಷ್ಟ್ರು ನಮ್ಮ ಶಿವಮೊಗ್ಗದ ತುಂಗೆಯಲ್ಲಿ ಸಿಕ್ಕ ಮೀನನ್ನು ನೋಡಿಯೇ ಅದಕ್ಕೆ ಹೆಸರಿಟ್ಟಿದ್ದು. ಪಶ್ಚಿಮ ಘಟ್ಟದ ಹೊಳೆಗಳು ಬಿಟ್ಟರೆ ಬೇರೆಲ್ಲೂ ಇಲ್ಲ. ಈಗ ಅಳಿವಿನ ಅಂಚಿನ ಪಟ್ಟಿಗೆ ಸೇರಿದೆ. ಅಂಥದ್ದಿರುವ ಹೊಳೆಗೆ ಸಕ್ಕರ್ ಬಿಟ್ಟು ಪುಣ್ಯ ಕಟ್ಟಿಕೊಳ್ಳಬೇಕಾ?

ನಾನು ಬಿಡಲಿಲ್ಲ. ಭದ್ರಾವತಿಯಲ್ಲಿ ದೊಡ್ಡ ತೊಟ್ಟಿ ಇರುವ ಪರಿಚಯದವರಿಗೆ ಮುಟ್ಟಿಸಿ ಬಂದೆ. ಬಕೆಟ್ ಹಿಡಿದುಕೊಂಡು ಬಸ್ಸಿನಲ್ಲಿ ಹೋದವಳು ನಾನೇ, ಕಾರಿದ್ದವರು ಯಾರೂ ಬರಲಿಲ್ಲ. ಹೋದ ವರ್ಷ ಉಪನಯನದ ಮನೆಯಲ್ಲಿ ಊಟದ ಪಂಕ್ತಿಯಲ್ಲಿ ಚಿಕ್ಕಪ್ಪ ಮತ್ತೆ ಅದೇ ಕಥೆ ತೆಗೆದು, "ಅತ್ತಿಗೆ ರಾತ್ರಿ ಹೊತ್ತು ಮೀನಿಗೆ ಬೀಟ್ ಪೊಲೀಸು" ಅಂದರು. ಎಲ್ಲರೂ ನಕ್ಕರು. ಮೀನು ತರುವುದು ಒಬ್ಬರು, ಫೋಟೊ ಹಾಕುವುದು ಒಬ್ಬರು, ನೀರು ಬದಲಿಸುವುದು ಯಾರು ಅಂತ ಇವತ್ತಿನವರೆಗೆ ಒಬ್ಬರಾದರೂ ಕೇಳಿದ್ದೀರಾ?

ಅಯ್ಯೋ, ಪುಟ್ಟ ಕೇಳಿದ್ದು ಯಾವ ಮೀನು ಹಾಕಲಿ ಅಂತ ಅಲ್ವಾ.

ಬೋಟಿಯಾ ಬೇಡ. ಜೀಬ್ರಾ ಮೂರು ನಾಲ್ಕು ಇಂಚು ಬೆಳೆಯುತ್ತದೆ, ಗುಂಪಿನಲ್ಲೇ ಇರಬೇಕು, ಎರಡಡಿ ಸಾಲದು. ಕೋರಿಡೋರಾಸ್ ಕೇಳು, ಅಂಗಡಿಯಲ್ಲಿ ಕೋರಿ ಅಂದರೆ ಸಾಕು. ಮೀಸೆ ಇರುವ ಪುಟ್ಟ ಮೀನು, ಯಾರ ತಂಟೆಗೂ ಹೋಗುವುದಿಲ್ಲ, ಗಿಡ ತಿನ್ನುವುದಿಲ್ಲ. ಪಿಗ್ಮಿ ಕೋರಿ ಸಿಕ್ಕರೆ ಅದೇ ಒಳ್ಳೆಯದು, ಒಂದು ಇಂಚು ಅಷ್ಟೇ. ಎಂಟು ತಾ. ಸಿಗದಿದ್ದರೆ ಬ್ರಾಂಜ್ ಕೋರಿ ಆರು, ಅದು ಎರಡೂವರೆ ಇಂಚು ಬರುತ್ತದೆ. ಎರಡೂ ಬೆರೆಸಬೇಡ. ಒಂದೆರಡೇ ತಂದರೆ ಹೆದರಿ ಮೂಲೆ ಸೇರುತ್ತವೆ. ನಿನ್ನ ಟ್ಯಾಂಕಿಗೆ ಐವತ್ತು ಲೀಟರ್ ಚಿಲ್ಲರೆ ನೀರು ಹಿಡಿಯುತ್ತದೆ, ಈ ಲೆಕ್ಕಕ್ಕಿಂತ ಜಾಸ್ತಿ ಮೀನು ತುಂಬಬೇಡ.

ಫೋಟೊದಲ್ಲಿ ತಳಕ್ಕೆ ಚೂಪು ಜಲ್ಲಿ ಹಾಕಿದ್ದೀಯ, ಅದನ್ನು ತೆಗೆ. ಕೋರಿ ಮೂತಿ ಹುಗಿದು ಮೇಯುವ ಮೀನು, ಅದರಲ್ಲಿ ಮೀಸೆ ಸವೆದು ಹುಣ್ಣಾಗುತ್ತದೆ. ಸಣ್ಣ ಮರಳು ಜರಡಿ ಹಿಡಿದು, ನೀರು ತಿಳಿಯಾಗುವವರೆಗೆ ತೊಳೆದು ಹಾಕು. ರಾತ್ರಿ ಲೈಟು ಆರಿಸಿದ ಮೇಲೆ ಮುಳುಗುವ ಗುಳಿಗೆ ಆಹಾರ ಹಾಕು, ಟೆಟ್ರಾ ಬಿಟ್ಟ ಕಸ ತಿಂದುಕೊಂಡು ಬದುಕುತ್ತವೆ ಅಂತ ಅಂದುಕೊಳ್ಳಬೇಡ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸು. ವಿನೋಬನಗರದ ನಲ್ಲಿ ನೀರಿಗೆ ಕ್ಲೋರಿನ್ ಇರುತ್ತದೆ, ಅದು ಹೋಗುವ ಔಷಧಿ ಹನಿ ಹಾಕಿಯೇ ಸುರಿ. ಗಾಜಿನ ಪಾಚಿ ನೀನೇ ಸ್ಪಂಜಿನಲ್ಲಿ ಒರೆಸು, ಅದಕ್ಕೆ ಅಂತ ಮೀನು ತರಬೇಡ. ಕಾಯಿಲೆ ಅನ್ನಿಸಿದರೆ ತಕ್ಷಣ ಕಲ್ಲುಪ್ಪು ಸುರಿಯಬೇಡ, ಕೋರಿಗೆ ಉಪ್ಪು ಆಗುವುದಿಲ್ಲ. ಅವು ಆಗಾಗ ಸರ್ರನೆ ಮೇಲೆ ಹೋಗಿ ಗಾಳಿ ನುಂಗಿ ಬರುತ್ತವೆ. ಅದು ಅವುಗಳ ರೂಢಿ, ಆಗ "ದೊಡ್ಡಮ್ಮಾ ಸಾಯ್ತಿದೆ" ಅಂತ ಗುಂಪಿಗೆ ಹಾಕಬೇಡ. ಎಲ್ಲವೂ ಒಟ್ಟಿಗೆ ಪದೇ ಪದೇ ಹಾಗೆ ಮಾಡಿದರೆ ಮಾತ್ರ ನೀರು ಬದಲಿಸಿ ನನಗೆ ಫೋನ್ ಮಾಡು.

ನಿಮ್ಮಮ್ಮನಿಗೆ ಹೇಳು, ಮಿಡಿ ಉಪ್ಪಿನಕಾಯಿ ಶನಿವಾರದ ಬಸ್ಸಿಗೆ ಕೊಟ್ಟು ಕಳಿಸುತ್ತೇನೆ. ಹೋದ ಸಲದ ಭರಣಿ ಇನ್ನೂ ವಾಪಸ್ ಬಂದಿಲ್ಲ.