ಚಿಕ್ಕಮ್ಮನ ಥೈರಾಯ್ಡ್ ರಿಪೋರ್ಟ್ ಬಗ್ಗೆ

ಚಿಕ್ಕಮ್ಮ, ಬೆಳಿಗ್ಗೆ ನೀವು ಗ್ರೂಪಿಗೆ ಹಾಕಿದ ರಿಪೋರ್ಟ್ ನೋಡಿದೆ. ಟಿಎಸ್‌ಹೆಚ್ ಅನ್ನೋ ಹಾರ್ಮೋನ್ 6.8 ಇದೆ, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ 'ಹೈ' ಅಂತ ಹಾಕಿದ್ದಾರೆ. ಅದಕ್ಕೇ ಗಾಬರಿಯಾಗಿದ್ದೀರಿ, ಅಲ್ವಾ? ಇದನ್ನೆಲ್ಲ ಟೈಪ್ ಮಾಡೋಕಾಗಲ್ಲ, ವಾಯ್ಸ್‌ನಲ್ಲೇ ಹೇಳುತ್ತೇನೆ. ಸ್ವಲ್ಪ ಉದ್ದ ಆಗಬಹುದು, ಪೂರ್ತಿ ಕೇಳಿ.

ದೊಡ್ಡಮ್ಮ, ಮೊದಲು ನಿಮಗೆ ಒಂದು ಮಾತು. ನಿಮ್ಮ ಥೈರಾಯ್ಡ್ ಮಾತ್ರೆಯನ್ನು ದಯವಿಟ್ಟು ಚಿಕ್ಕಮ್ಮನಿಗೆ ಕೊಡಬೇಡಿ. ಕೊಡುತ್ತೇನೆ ಅಂತ ಪ್ರೀತಿಯಿಂದ ಹೇಳಿದ್ದೀರಿ, ಗೊತ್ತು. ಆದರೆ ನಿಮ್ಮದು 100 ಮೈಕ್ರೋಗ್ರಾಂ, ನಿಮ್ಮ ದೇಹಕ್ಕೆ ನೋಡಿ ಡಾಕ್ಟರ್ ಬರೆದದ್ದು. ಬೇಡದವರು ಅಷ್ಟು ತೆಗೆದುಕೊಂಡರೆ ಎದೆ ಡವಡವ ಅನ್ನುತ್ತದೆ, ಕೈ ನಡುಗುತ್ತದೆ, ನಿದ್ದೆ ಬರುವುದಿಲ್ಲ.

ಈಗ ರಿಪೋರ್ಟ್. ಟಿಎಸ್‌ಹೆಚ್ ಥೈರಾಯ್ಡಿನಿಂದ ಬರುವುದಲ್ಲ ಚಿಕ್ಕಮ್ಮ. ಮೆದುಳಿನ ಬುಡದಲ್ಲಿ ಪಿಟ್ಯುಟರಿ ಎಂಬ ಸಣ್ಣ ಗ್ರಂಥಿ ಇದೆ, ಅದು ಕಳಿಸುವುದು. ಥೈರಾಯ್ಡ್ ಹಾರ್ಮೋನ್ ಸಾಲದು ಅನ್ನಿಸಿದರೆ ಪಿಟ್ಯುಟರಿ 'ಇನ್ನಷ್ಟು ಮಾಡು' ಅಂತ ಕೂಗು ಜೋರು ಮಾಡುತ್ತದೆ. ಆ ಕೂಗೇ ಟಿಎಸ್‌ಹೆಚ್. ಹಾಗಾಗಿ ಕೂಗು ಮಾತ್ರ ಕೇಳಿದರೆ ಸಾಲದು, ಕೆಲಸ ನಡೆದಿದೆಯೋ ಇಲ್ಲವೋ ನೋಡಬೇಕು. ಅದನ್ನು ಹೇಳುವುದು ಫ್ರೀ ಟಿ4, ಅಂದರೆ ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನಿನ ಅಳತೆ. ನಿಮ್ಮ ರಿಪೋರ್ಟಿನಲ್ಲಿ ಎರಡನೇ ಸಾಲು ನೋಡಿ, ಫ್ರೀ ಟಿ4 ನಾರ್ಮಲ್ ಇದೆ! ಅಂದರೆ ಥೈರಾಯ್ಡ್ ಗ್ರಂಥಿ ಈಗಲೂ ಸಾಕಷ್ಟು ಹಾರ್ಮೋನ್ ಕೊಡುತ್ತಿದೆ. ಇದಕ್ಕೆ ಡಾಕ್ಟರುಗಳು ಸಬ್‌ಕ್ಲಿನಿಕಲ್ ಅನ್ನುತ್ತಾರೆ, ಅಂದರೆ ಕಾಯಿಲೆ ಇನ್ನೂ ಪೂರ್ತಿ ಕಾಣಿಸಿಕೊಳ್ಳದ ಹಂತ. ಟಿಎಸ್‌ಹೆಚ್ 10ರ ಒಳಗಿದ್ದರೆ ಸಾಮಾನ್ಯವಾಗಿ ತಕ್ಷಣ ಮಾತ್ರೆ ಶುರು ಮಾಡುವುದಿಲ್ಲ, ಎರಡು ಮೂರು ತಿಂಗಳು ಬಿಟ್ಟು ಮತ್ತೆ ಟೆಸ್ಟ್ ಮಾಡಿಸುತ್ತಾರೆ. ಎಷ್ಟೋ ಜನರಿಗೆ ಅಷ್ಟರಲ್ಲಿ ತಾನಾಗಿಯೇ ಇಳಿದಿರುತ್ತದೆ. ನಿಮಗೆ ಹೋದ ತಿಂಗಳು ಜೋರು ಜ್ವರ ಬಂದಿತ್ತಲ್ಲ? ಕಾಯಿಲೆಯಿಂದ ಚೇತರಿಸಿಕೊಳ್ಳುವಾಗಲೂ ಇದು ಸ್ವಲ್ಪ ದಿನ ಏರುತ್ತದೆ. ವಯಸ್ಸಾದ ಹಾಗೆ ಕೂಡ ತುಸು ಜಾಸ್ತಿ ಬರುವುದುಂಟು.

ಟಿ3 ಅನ್ನೋ ಇನ್ನೊಂದು ಥೈರಾಯ್ಡ್ ಹಾರ್ಮೋನ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ನಿಮ್ಮ ವಿಷಯದಲ್ಲಿ ಅದರಿಂದ ಹೆಚ್ಚೇನೂ ತಿಳಿಯುವುದಿಲ್ಲ.

ಮುಂದಿನ ಸಲ ಅದೇ ಲ್ಯಾಬಿನಲ್ಲಿ, ಹೆಚ್ಚುಕಡಿಮೆ ಇದೇ ಹೊತ್ತಿಗೆ ರಕ್ತ ಕೊಡಿ. ಟಿಎಸ್‌ಹೆಚ್ ದಿನದಲ್ಲೇ ಏರಿಳಿಯುತ್ತದೆ. ಆಂಟಿ-ಟಿಪಿಒ, ಅಂದರೆ ನಮ್ಮ ದೇಹವೇ ಥೈರಾಯ್ಡ್ ವಿರುದ್ಧ ಮಾಡುವ ಪ್ರತಿಕಾಯದ ಟೆಸ್ಟ್, ಕೂಡ ಮಾಡಿಸಬೇಕಾ ಅಂತ ಡಾಕ್ಟರನ್ನು ಕೇಳಿ. ಅದು ಪಾಸಿಟಿವ್ ಬಂದರೆ ಮುಂದೆ ಥೈರಾಯ್ಡಿನ ಕೆಲಸ ಕುಗ್ಗುವ ಸಾಧ್ಯತೆ ಹೆಚ್ಚು, ಆಗಾಗ ಗಮನಿಸುತ್ತಿರಬೇಕು. ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಕೂದಲು ಉದುರುತ್ತದೆ ಅಂತ ಬಯೋಟಿನ್ ಅನ್ನೋ ವಿಟಮಿನ್ ಮಾತ್ರೆ ನುಂಗುತ್ತಿದ್ದೀರಲ್ಲ, ಅದು ಕೆಲವು ಯಂತ್ರಗಳಲ್ಲಿ ಟಿಎಸ್‌ಹೆಚ್ ಅನ್ನು ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಟೆಸ್ಟಿಗೆ ಎರಡು ದಿನ ಮೊದಲೇ ನಿಲ್ಲಿಸಿ, ಲ್ಯಾಬಿನವರಿಗೂ ಹೇಳಿ.

ಥೈರಾಯ್ಡ್ ತೊಂದರೆ ಇದ್ದರೆ ಎಲೆಕೋಸು ಬಿಡಬೇಕು ಅಂತ ಮಾವ ಬರೆದಿದ್ದಾರೆ. ಬೇಯಿಸಿದ ಪಲ್ಯ ಸುಮ್ನೆ ತಿನ್ನಿ, ಏನೂ ಆಗುವುದಿಲ್ಲ. ಅಡುಗೆಗೆ ಸೈಂಧವ ಉಪ್ಪು ಮಾತ್ರ ಬಳಸುತ್ತಿದ್ದರೆ ಅಯೋಡಿನ್ ಇರುವ ಉಪ್ಪಿಗೆ ಬನ್ನಿ.

ಮತ್ತೆ, ಗ್ರೂಪಿನಲ್ಲಿ ಯಾರಾದರೂ ಗರ್ಭಿಣಿಯಿದ್ದರೆ ಅಥವಾ ಮಗುವಿಗಾಗಿ ಪ್ರಯತ್ನಿಸುತ್ತಿದ್ದರೆ ನಾನು ಹೇಳಿದ 'ಕಾದು ನೋಡಿ' ಅವರಿಗೆ ಅಲ್ಲ. ಅವರು ಟಿಎಸ್‌ಹೆಚ್ ಏರಿದ್ದು ಕಂಡ ಕೂಡಲೇ ಡಾಕ್ಟರನ್ನು ಕಾಣಬೇಕು.

ಚಿಕ್ಕಮ್ಮ, ನಿಮ್ಮ ಸುಸ್ತಿಗೆ ಹಿಮೋಗ್ಲೋಬಿನ್ ಮತ್ತು ಬಿ12 ಸಹ ನೋಡಿಸೋಣ. ಶನಿವಾರ ನನಗೆ ರಜೆ ಇದೆ, ಡಾಕ್ಟರ್ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ. ಹಳೆಯ ರಿಪೋರ್ಟುಗಳಿದ್ದರೆ ತೆಗೆದಿಡಿ.