ತಿರುಚುವುದಲ್ಲ, ತಿದ್ದುವುದೂ ಅಲ್ಲ: ಈ ಕೆಲಸಕ್ಕೆ ಯಾವ ಪದ?

ಗೆಳೆಯರೇ,

ಫೋಟೊಶಾಪ್ ಕಲಿಯುವವರಿಗೆ ಒಂದು ಪಾಠ ಬರೆಯುತ್ತಿದ್ದೇನೆ. ಸುಮ್ನೆ ನಿಂತಿರುವ ಒಂದು ಬೀದಿಯ ಫೋಟೊ ತೆಗೆದುಕೊಂಡು, ಭೂಕಂಪ ಆಗಿಹೋದ ಬೀದಿಯ ಹಾಗೆ ಮಾಡುವುದು ಹೇಗೆ ಅನ್ನುವುದು ವಿಷಯ. ಕೆಲಸ ನನಗೆ ಗೊತ್ತು. ಆದರೆ ಮೊದಲ ಸಾಲಿನಲ್ಲೇ ಸಿಕ್ಕಿಕೊಂಡಿದ್ದೇನೆ. ‘ಫೋಟೊ ಮ್ಯಾನಿಪ್ಯುಲೇಶನ್’ ಅನ್ನುವುದಕ್ಕೆ ಯಾವ ಕ್ರಿಯಾಪದ ಬಳಸಲಿ?

ಸುದ್ದಿಯಲ್ಲಿ ಕಾಣುವುದು ‘ತಿರುಚಿದ ಚಿತ್ರ’. ಕೈ ತಿರುಚುತ್ತಾರೆ, ಆಡಿದ ಮಾತು ತಿರುಚುತ್ತಾರೆ. ಈ ಪದದೊಳಗೆ ದೂರು ಇದೆ. ದೂರು ಇರಬೇಕಾದ ಕಡೆ ಇದು ಸರಿಯಾದ ಪದವೇ. 2006ರ ಆಗಸ್ಟ್‌ನಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಪ್ರಕಟಿಸಿದ್ದ ಬೈರೂತ್‌ನ ಫೋಟೊ ನೆನಪಿದೆಯಾ? ಬಾಂಬ್ ದಾಳಿಯ ನಂತರದ ಹೊಗೆಯನ್ನು ಛಾಯಾಗ್ರಾಹಕ ಕ್ಲೋನ್ ಮಾಡಿ, ಅಂದರೆ ಫೋಟೊದ ಒಂದು ಭಾಗವನ್ನೇ ನಕಲು ಮಾಡಿ ಪಕ್ಕದಲ್ಲಿ ಅಂಟಿಸಿ, ಜಾಸ್ತಿ ಮಾಡಿದ್ದ. ಹೊಗೆಯ ಒಂದೇ ಆಕಾರದ ಉಂಡೆಗಳು ಒಂದರ ಪಕ್ಕ ಒಂದು ಮತ್ತೆ ಮತ್ತೆ ಬಂದಿದ್ದರಿಂದ ನೋಡಿದವರಿಗೆ ಗೊತ್ತಾಗಿಹೋಯಿತು. ಸಂಸ್ಥೆ ಆ ಫೋಟೊ ಹಿಂತೆಗೆದುಕೊಂಡಿತು, ಆಮೇಲೆ ಅವನ 920 ಫೋಟೊಗಳನ್ನೂ ತೆಗೆದುಹಾಕಿತು. ಅದು ತಿರುಚಿದ್ದೇ. ನಿಜವಾದ ನೋವಿನ ಮೇಲೆ ಸುಳ್ಳು ಹೊಗೆ ಹಾಕಿದ್ದು. ಆದರೆ ನನ್ನ ಪಾಠ ಓದುವವರು ಯಾರಿಗೂ ಮೋಸ ಮಾಡಲು ಹೊರಟವರಲ್ಲ. ಪುಸ್ತಕಕ್ಕೆ ಮುಖಪುಟ ಮಾಡುವವರು, ಸಿನಿಮಾದ ಪೋಸ್ಟರ್ ಮಾಡುವವರು. ಅವರ ಕೆಲಸಕ್ಕೆ ‘ತಿರುಚು’ ಅಂದರೆ ಕಲಿಯುವ ಮೊದಲೇ ಅಪವಾದ ಹೊರಿಸಿದ ಹಾಗಾಗುತ್ತದೆ.

ಹಾಗಾದರೆ ‘ತಿದ್ದು’? ಮಗು ಅಕ್ಷರ ತಿದ್ದುತ್ತದೆ, ಮೇಷ್ಟ್ರು ತಪ್ಪು ತಿದ್ದುತ್ತಾರೆ. ಈ ಪದ ಯಾವಾಗಲೂ ಸರಿಯ ಕಡೆಗೇ ಹೋಗುತ್ತದೆ. ಮುಖದ ಮೇಲಿನ ಕಲೆ ತೆಗೆದರೆ ತಿದ್ದಿದ್ದು ಅನ್ನಬಹುದು. ನೆಟ್ಟಗಿದ್ದ ಗೋಡೆಯನ್ನು ಬೀಳಿಸಿ ‘ತಿದ್ದಿದೆ’ ಅಂದರೆ ಕಿವಿಗೆ ಒಗ್ಗುವುದಿಲ್ಲ, ಅಲ್ವಾ?

ಕೆಲಸವನ್ನೇ ಹತ್ತಿರದಿಂದ ನೋಡಿದರೆ ಪದ ಸಿಗಬಹುದು ಅನ್ನಿಸಿತು. ಒಣಗಿ ಬಿರಿದ ಕೆಸರಿನ ಫೋಟೊವನ್ನು ಗೋಡೆಯ ಮೇಲೆ ಒಂದು ಪದರವಾಗಿ ಇಡುತ್ತೇವೆ. ಆ ಪದರ ಕೆಳಗಿನ ಚಿತ್ರದ ಜೊತೆ ಬೆರೆಯುವ ರೀತಿಗೆ (ಬ್ಲೆಂಡ್ ಮೋಡ್) ಮಲ್ಟಿಪ್ಲೈ ಆರಿಸಿದರೆ ಕೆಸರಿನ ತಿಳಿಬಣ್ಣ ಹೆಚ್ಚುಕಮ್ಮಿ ಮಾಯವಾಗಿ ಕಪ್ಪು ಗೆರೆಗಳಷ್ಟೇ ಎದ್ದು ಕಾಣುತ್ತವೆ. ಗೋಡೆ ಬಿರುಕು ಬಿಟ್ಟಿತು. ಕಪ್ಪು ಹಿನ್ನೆಲೆಯಲ್ಲಿ ತೆಗೆದ ಹೊಗೆಗೆ ಸ್ಕ್ರೀನ್ ಅನ್ನುವ ಇನ್ನೊಂದು ರೀತಿ ಆರಿಸಿದರೆ ಕಪ್ಪು ಹೋಗಿ ಹೊಗೆ ಉಳಿಯುತ್ತದೆ. ಆಮೇಲೆ ನೆರಳೆಲ್ಲ ಒಂದೇ ದಿಕ್ಕಿಗೆ ಬೀಳುವಂತೆ ನೋಡಿಕೊಳ್ಳಬೇಕು. ಇಲ್ಲಿ ಯಾವುದನ್ನೂ ತಿರುಚಲಿಲ್ಲ. ಬೇರೆ ಬೇರೆ ಕಡೆಯ ಚೂರುಗಳನ್ನು ಕೂಡಿದ ಜಾಗ ಕಾಣದ ಹಾಗೆ ಸೇರಿಸಿದೆವು. ಅಂದರೆ ಬೆಸೆದೆವು.

‘ಬೆಸೆದ ಚಿತ್ರ’, ‘ಚಿತ್ರ ಬೆಸೆಯುವುದು’ ಹೇಗಿದೆ ಹೇಳಿ. ಕಂಪ್ಯೂಟರ್ ಇಲ್ಲದ ಕಾಲಕ್ಕೂ ಇದು ಹೊಂದುತ್ತದೆ. 1857ರಲ್ಲೇ ಆಸ್ಕರ್ ರೇಲಾಂಡರ್ ಅನ್ನುವ ಛಾಯಾಗ್ರಾಹಕ ಸುಮಾರು 30 ನೆಗೆಟಿವ್‌ಗಳನ್ನು ಸೇರಿಸಿ ಒಂದೇ ಚಿತ್ರ ಮಾಡಿದ್ದ. ಒಂದು ತೊಡಕು ಅಂದರೆ ‘ಬೆಸುಗೆ’ ಅಂದ ಕೂಡಲೇ ಕೆಲವರಿಗೆ ಲೋಹದ ಕೆಲಸ ನೆನಪಾಗುತ್ತದೆ. ‘ಕಟ್ಟು’ ಅನ್ನುವುದೂ ನನಗೆ ಇಷ್ಟ. ಮನೆ ಕಟ್ಟುತ್ತೇವೆ, ಹಾಡು ಕಟ್ಟುತ್ತೇವೆ, ಒಳ್ಳೆಯ ವರ್ಣನೆ ಕಣ್ಣಿಗೆ ಕಟ್ಟುತ್ತದೆ. ಆದರೆ ‘ಕಟ್ಟುಕಥೆ’ ಪಕ್ಕದಲ್ಲೇ ಕೂತಿದೆ.

ಇನ್ನು ‘ಡಿಸಾಸ್ಟರ್ ಸೀನ್’. ‘ವಿಪತ್ತು’ ಸರ್ಕಾರಿ ಕಡತದ ಪದವಾಗಿದೆ. ‘ದುರಂತ’ದಲ್ಲಿ ಮನುಷ್ಯರ ಸಾವು ಕಾಣುತ್ತದೆ, ನನ್ನ ಬೀದಿಯಲ್ಲಿ ಯಾರೂ ಇಲ್ಲ. ‘ವಿಕೋಪ’ ಪ್ರಕೃತಿಗೇ ಅಂಟಿಕೊಂಡಿದೆ, ಕಾರ್ಖಾನೆ ಸ್ಫೋಟದ ಚಿತ್ರಕ್ಕೆ ಆಗುವುದಿಲ್ಲ. ನನ್ನ ಓಟು ‘ಅನಾಹುತ’ಕ್ಕೆ. ದೊಡ್ಡದಕ್ಕೂ ಸಣ್ಣದಕ್ಕೂ ನಾವೆಲ್ಲ ದಿನಾ ಆಡುವ ಮಾತು ಅದು. ಸಂಸ್ಕೃತದ ‘ಅನಾಹೂತ’ ಅಂದರೆ ಕರೆಯದೆ ಬಂದದ್ದು. ನಮ್ಮ ಪದದ ಹಿಂದೆ ಅದೇ ಇದ್ದರೆ, ಇಲ್ಲಿ ನಾವೇ ಕೂತು ಕರೆದು ತರುತ್ತಿದ್ದೇವಲ್ಲ ಅನ್ನುವ ಯೋಚನೆ ನನ್ನನ್ನು ಸ್ವಲ್ಪ ಹೊತ್ತು ಹಿಡಿದಿಟ್ಟಿತು. ಆದರೂ ‘ಅನಾಹುತದ ದೃಶ್ಯ’ ಅಂತಲೇ ಬರೆದುಕೊಂಡಿದ್ದೇನೆ.

ಚಿಕ್ಕ ಪದಗಳಲ್ಲಿ ‘ಲೇಯರ್’ಗೆ ‘ಪದರ’ ಸಲೀಸಾಗಿ ಬಂತು. ‘ಮಲ್ಟಿಪ್ಲೈ’ ಹಾಗೇ ಬಿಟ್ಟೆ. ‘ಗುಣಿಸು’ ಅಂದರೆ ಓದುವವರು ಬೆಳಕು ಹೆಚ್ಚುತ್ತದೆ ಅಂದುಕೊಳ್ಳುತ್ತಾರೆ. ನಿಜದಲ್ಲಿ ಇಲ್ಲಿ ಬೆಳಕನ್ನು ಸೊನ್ನೆಯಿಂದ (ಕಪ್ಪು) ಒಂದರವರೆಗೆ (ಬಿಳಿ) ಎಣಿಸುವುದರಿಂದ, ಅರ್ಧವನ್ನು ಅರ್ಧದಿಂದ ಗುಣಿಸಿದರೆ ಕಾಲು ಆಗುತ್ತದೆ, ಚಿತ್ರ ಕಪ್ಪಾಗುತ್ತದೆ.

ನಿಜವಾದ ತಲೆನೋವು ‘ಮಾಸ್ಕ್’ನದು, ಅಂದರೆ ಪದರದ ಯಾವ ಭಾಗ ಕಾಣಬೇಕು, ಯಾವುದು ಮರೆಯಾಗಬೇಕು ಅಂತ ಬಣ್ಣ ಬಳಿದು ತೋರಿಸುವ ಸಲಕರಣೆಯದು. ‘ಮುಸುಕು’ ಅದಕ್ಕೆ ಎಷ್ಟು ಚೆನ್ನಾಗಿ ಒಪ್ಪುತ್ತದೆ! ಕಪ್ಪು ಬಳಿದಲ್ಲಿ ಪದರ ಮರೆಯಾಗುತ್ತದೆ, ಬಿಳಿ ಬಳಿದಲ್ಲಿ ಮುಸುಕು ಸರಿದು ಕಾಣುತ್ತದೆ. ಆದರೆ ದೂರದ ಕಟ್ಟಡಗಳ ಮೇಲೆ ಧೂಳು ಕವಿದ ಹಾಗೆ ಮಾಡುವ ಹಂತ ಬಂದಾಗ ನಾನು ಬರೆದ ಸಾಲು ಇದು: ‘ಮಸುಕಿನ ಪದರಕ್ಕೆ ಮುಸುಕು ಹಾಕಿ, ಮುಸುಕಿನ ಅಂಚನ್ನು ಮಸುಕುಗೊಳಿಸಿ.’ ಓದಿ ನೋಡಿದರೆ ನನಗೇ ದಾರಿ ತಪ್ಪಿತು. ಕಲಿಯುವವರ ಗತಿ ಏನು? ಧೂಳಿನ ತೆರೆಗೆ ‘ಮಬ್ಬು’ ಅಂತ ಬದಲಾಯಿಸಿದೆ, ಈಗ ಅರ್ಧ ಸರಿಹೋಯಿತು. ಅಂಚನ್ನು ಬ್ಲರ್ ಮಾಡುವುದಕ್ಕೆ ‘ಮೆದುಗೊಳಿಸು’ ಅನ್ನಲೇ, ಇಲ್ಲ ‘ಅಂಚು ಕರಗಿಸು’ ಅನ್ನಲೇ? ‘ಬೆಸೆ’ ಪದದ ಜೊತೆಗೆ ಇದಕ್ಕೂ ನಿಮ್ಮ ಅಭಿಪ್ರಾಯ ಬೇಕು. ದಿನಾ ಈ ಕೆಲಸ ಮಾಡುವವರು ಪಕ್ಕದವರಿಗೆ ಬಾಯಲ್ಲಿ ಹೇಗೆ ಹೇಳಿಕೊಡುತ್ತೀರೋ ಹಾಗೇ ತಿಳಿಸಿ.