ಸೊಲೆಯಾ ನೃತ್ಯಕ್ಕೆ ಗಿಟಾರ್: ಹತ್ತನೇ ಎಣಿಕೆಯಲ್ಲಿ ಎಡವುತ್ತಿದ್ದೇನೆ

ಗಿಟಾರ್‌ಹುಚ್ಚ:
ಕೆಲಸಕ್ಕೆಂದು ಸ್ಪೇನಿನ ಸೆವಿಲ್‌ಗೆ ಬಂದು ಎರಡು ವರ್ಷ ಆಯಿತು. ಇಲ್ಲಿನ ತ್ರಿಯಾನಾ ಬಡಾವಣೆಯ ಒಂದು ಫ್ಲಮೆಂಕೊ (ಸ್ಪೇನಿನ ಹಾಡು-ಕುಣಿತದ ಕಲೆ) ಕ್ಲಾಸಿಗೆ ವಾರಕ್ಕೊಮ್ಮೆ ಗಿಟಾರ್ ನುಡಿಸಲು ಹೋಗುತ್ತೇನೆ. ಮನೆಯಲ್ಲಿ ಮೆಟ್ರೊನೋಮ್ ಇಟ್ಟುಕೊಂಡರೆ ಸೊಲೆಯಾ ಎಂಬ ಫ್ಲಮೆಂಕೊ ಪ್ರಕಾರದ 12 ಎಣಿಕೆಯ ತಾಳ ಸಲೀಸು. ಅಲ್ಲಿ ನರ್ತಕಿ 'ಯಮಾದಾ' ಕೊಟ್ಟರೆ, ಅಂದರೆ ಕಾಲು ಕುಟ್ಟಿ ನಮ್ಮನ್ನು ಕರೆದರೆ, ಲೆಕ್ಕವೇ ತಪ್ಪುತ್ತದೆ. ನಿನ್ನೆ ಅವರು ನಿಂತಾಗಿತ್ತು, ನಾನಿನ್ನೂ ಬಾರಿಸುತ್ತಲೇ ಇದ್ದೆ. ಇಡೀ ಕ್ಲಾಸು ನನ್ನತ್ತ ತಿರುಗಿತು. ಏನು ಮಾಡಲಿ?

ಹಳೇತಂತಿ:
ನುಡಿಸುವಾಗ ನಿಮ್ಮ ಕಣ್ಣು ಎಲ್ಲಿರುತ್ತದೆ? ಎಡಗೈ ಮೇಲೆ ಅಲ್ವಾ?

ಕಾಲು ನೋಡಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಭುಜ, ಸೊಂಟ ನೋಡುತ್ತೇನೆ. ಕಾಲು ಬೀಳುವ ಮೊದಲೇ ಮೈ ಅಣಿಯಾಗುತ್ತದೆ, ಉಸಿರು ಎಳೆದುಕೊಳ್ಳುವುದೂ ಕಾಣುತ್ತದೆ. ಸೊಲೆಯಾದಲ್ಲಿ ಒತ್ತು 3, 6, 8, 10, 12ರ ಮೇಲೆ. ಇ ಕಾರ್ಡನ್ನು ನೆಲೆಯಾಗಿಟ್ಟು ನುಡಿಸುವವರಿಗೆ ಮೂರಕ್ಕೆ ಎಫ್ ಕಾರ್ಡ್, ಹತ್ತಕ್ಕೆ ವಾಪಸ್ ಇ. ಕರೆ ಮುಗಿಯುವುದೂ ಸಾಮಾನ್ಯವಾಗಿ ಹತ್ತಕ್ಕೇ. ಅಲ್ಲಿ ಅವರ ಜೊತೆ ನೀವೂ ಕಡಿಯಬೇಕು. ಅಂಗೈಯಿಂದ ತಂತಿ ಅದುಮಿಬಿಡಿ. 11, 12 ಖಾಲಿ ಹೋದರೂ ಪರವಾಗಿಲ್ಲ. ಹತ್ತು ದಾಟಿ ಒಂದು ಮೀಟು ಬಿದ್ದರೆ ಹಿಂದಿನ ಬೆಂಚಿಗೂ ಗೊತ್ತಾಗುತ್ತದೆ.

ಇನ್ನು ಎಸ್ಕೊಬಿಯಾ. ನೃತ್ಯದ ಆ ಭಾಗ ಪೂರ್ತಿ ಕಾಲಿನ ಆಟ. ಸುಮ್ನೆ ತೆಳ್ಳಗೆ, ಬಿಡಿಬಿಡಿಯಾಗಿ ಮೀಟಿ. ವೇಗ ಏರಿಸುವುದು ಅವರ ಕೆಲಸ. ನಾನೊಮ್ಮೆ ಹುರುಪಿನಲ್ಲಿ ಮುಂದೆ ಓಡಿದ್ದೆ. ನರ್ತಕಿ ಕುಣಿತ ನಿಲ್ಲಿಸಿ, ನನ್ನ ಹತ್ತಿರ ಬಂದು, ಗಿಟಾರಿನ ಪಕ್ಕೆಯ ಮೇಲೆ ಬೆರಳಿನಿಂದ ತಟ್ಟಿ ವೇಗ ತೋರಿಸಿದರು. ಒಂದು ಮಾತೂ ಆಡಲಿಲ್ಲ! ಕಲಿತ ಫಾಲ್ಸೆಟಾಗಳನ್ನೆಲ್ಲ (ಗಿಟಾರಿನ ಒಂಟಿ ರಾಗದ ತುಣುಕುಗಳು) ಅಲ್ಲಿ ಸುರಿಯಬೇಡಿ. ಅದು ನಿಮ್ಮ ಕಛೇರಿ ಅಲ್ಲ.

ಮೃದಂಗದವನು:
ಒಂದು ತಿಂಗಳು ಗಿಟಾರ್ ಬದಿಗಿಟ್ಟು ಪಾಲ್ಮಾ ಹಾಕಿ ನೋಡಿ, ಬರೀ ಚಪ್ಪಾಳೆ. ಭರತನಾಟ್ಯಕ್ಕೆ ನುಡಿಸಲು ಶುರು ಮಾಡಿದಾಗ ಜತಿ ಬಾಯಲ್ಲಿ ಕೂರುವ ತನಕ ನನ್ನ ಕೈಗೂ ಬರಲಿಲ್ಲ. ಆದರೆ ನಮಗೆ ತೀರ್ಮಾನ, ಅಂದರೆ ಜತಿಯ ಮುಕ್ತಾಯ, ಎಲ್ಲಿ ಬರುತ್ತದೆ ಅಂತ ಮೊದಲೇ ಗೊತ್ತು, ಪಕ್ಕದಲ್ಲಿ ತಾಳ ಹಿಡಿದು ಜತಿ ಹೇಳುವ ನಟ್ಟುವಾಂಗದವರೂ ಇರುತ್ತಾರೆ. ನಿಮ್ಮದು ಕಷ್ಟ ಜಾಸ್ತಿ.

ಗಿಟಾರ್‌ಹುಚ್ಚ:
ಕಣ್ಣು ಎಡಗೈ ಮೇಲೆಯೇ ಇತ್ತು, ಸಿಕ್ಕಿಬಿದ್ದೆ. ಗುರುವಾರ ಬರೀ ಚಪ್ಪಾಳೆಗೆ ಬರುತ್ತೇನೆ ಅಂತ ಟೀಚರ್‌ಗೆ ಮೆಸೇಜ್ ಹಾಕಿದೆ. 'ಬನ್ನಿ, ಆದರೆ ಗಿಟಾರೂ ತನ್ನಿ, ನಮಗೆ ಬೇರೆ ಯಾರೂ ಇಲ್ಲ' ಅಂದರು.